ಜ್ವರದ ಊರು ಹುಡುಕುವ ಲೇಹುನ್ ಅತ್ತೆ

ಏ, ಆಚೆ ಬದಿಯವರೇ, ಸ್ಕೂಟರ್ ನಿಲ್ಲಿಸಿ ಇತ್ತ ಕಿವಿ ಕೊಡಿ. ಹೆಲ್ಮೆಟ್ ತೆಗೆದರೆ ಇನ್ನೂ ಚೆನ್ನಾಗಿ ಕೇಳುತ್ತದೆ. ಇವತ್ತು ನಮ್ಮ ಗಲ್ಲಿಯ ಲೇಹುನ್ ಅತ್ತೆಯ ಕಥೆ ಹೇಳುತ್ತೇನೆ. ಅತ್ತೆ ಎಂದರೆ ನಮ್ಮಪ್ಪನ ತಂಗಿ ಅಂದುಕೊಳ್ಳಬೇಡಿ. ಪಕ್ಕದ ಮನೆಯವಳು, ಗಲ್ಲಿಯ ಮಕ್ಕಳಿಗೆಲ್ಲ ಅತ್ತೆ.

ತೈವಾನಿನ ದಕ್ಷಿಣದ ಈ ನಮ್ಮ ತಾಯ್ನಾನ್ ಊರಿನಲ್ಲಿ ಬೆಳಗಾಗೆದ್ದು ಹೂಮೀನಿನ ಗಂಜಿ ಕುಡಿಯುವವರಿಗೆ ಬೀಚು ಅಜ್ಜಿಯ ಅಂಗಡಿ ಗೊತ್ತಿರುತ್ತದೆ. ಆ ಅಜ್ಜಿಯ ಒಬ್ಬಳೇ ಮಗಳು ಲೇಹುನ್ ಅತ್ತೆ. ಒಂದು ಕೈಯಲ್ಲಿ ಮೀನಿನ ಮುಳ್ಳು ಬಿಡಿಸುತ್ತ, ಇನ್ನೊಂದು ಕೈಯಲ್ಲಿ ಪುಸ್ತಕದ ಹಾಳೆ ತಿರುವುತ್ತ ಓದಿದವಳು. ಅವಳ ಶಾಲೆಯ ಪುಸ್ತಕಗಳು ಮೀನಿನ ವಾಸನೆ ಹೊಡೆಯುತ್ತಿದ್ದವಂತೆ. ಈಗ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ. ಡೆಂಗಿ ಬಂದವರ ರಕ್ತ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅವಳ ಹತ್ತಿರ ಬರುತ್ತದೆ. ಅದರೊಳಗಿನ ವೈರಸ್ಸಿನ ಜೀನೋಮ್ ಅನ್ನು, ಅಂದರೆ ಅದರ ಮೈಯೊಳಗೆ ಬರೆದಿರುವ ಉದ್ದದ ಸಾಲನ್ನು, ಅಕ್ಷರ ಅಕ್ಷರವಾಗಿ ಓದಿಸುವವಳು ಇವಳು. ಓದುವ ಯಂತ್ರ ಅಂಗೈಯಷ್ಟಿದೆ. ಅದರ ಪಕ್ಕದಲ್ಲಿ ಹಸಿರು ಪೊಟ್ಟಣದ ಜೋಳದ ತಿನಿಸು ಇಟ್ಟಿರುತ್ತಾಳೆ. ಇಟ್ಟರೆ ಯಂತ್ರ ಹೇಳಿದ ಹಾಗೆ ಕೇಳುತ್ತದೆ ಎಂದು ನಮ್ಮವರೆಲ್ಲರ ನಂಬಿಕೆ. ಹಳದಿ ಪೊಟ್ಟಣ ಆಗಬಾರದು, ಮುನಿಸಿಕೊಳ್ಳುತ್ತದೆ. ಹಳಸಿದ್ದಾದರೆ ಇನ್ನೂ ಕೆಟ್ಟದ್ದು.

ಅಕ್ಷರ ಓದಿ ಏನು ಸಿಗುತ್ತದೆ ಎಂದು ನಾನೂ ಒಮ್ಮೆ ಕೇಳಿದ್ದೆ. ಅತ್ತೆ ಅಮ್ಮನ ಗಂಜಿ ತೋರಿಸಿ ವಿವರಿಸಿದಳು. ಬೀಚು ಅಜ್ಜಿಯ ಹತ್ತಿರ ಗಂಜಿ ಕಲಿತವರು ಊರಲ್ಲಿ ಎಷ್ಟೋ ಮಂದಿ. ಒಬ್ಬಳು ಶುಂಠಿ ಜಾಸ್ತಿ ಮಾಡಿದಳು, ಅವಳಿಂದ ಕಲಿತವಳು ಶುಂಠಿಯ ಜೊತೆ ಹುರಿದ ಬೆಳ್ಳುಳ್ಳಿಯನ್ನೂ ಸೇರಿಸಿದಳು. ಬಾಯಿಗಿಟ್ಟರೆ ಸಾಕು, ಯಾರು ಯಾರಿಂದ ಕಲಿತದ್ದು ಎಂದು ಹೇಳಬಹುದು. ವೈರಸ್ಸೂ ಹಾಗೆಯೇ, ತನ್ನನ್ನು ನಕಲು ಮಾಡಿಕೊಳ್ಳುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲಿಗೂ ಹೋಗುತ್ತದೆ. ಒಂದೇ ತಪ್ಪುಗಳಿರುವವು ಒಂದೇ ಮನೆತನದವು. ತಪ್ಪುಗಳನ್ನು ಹಿಡಿದು ಹಿಂದೆ ಹಿಂದೆ ಹೋದರೆ ಜ್ವರದ ಊರು ಸಿಗುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಗಲ್ಲಿಗೇ ಡೆಂಗಿ ಬಂತು. ಮೊದಲು ಆಸ್ಪತ್ರೆ ಸೇರಿದವಳು ಸುಮಿಯಾತಿ. ಹಾಸಿಗೆ ಹಿಡಿದಿರುವ ತಾನ್ ತಾತನನ್ನು ನೋಡಿಕೊಳ್ಳಲು ಇಂಡೋನೇಷ್ಯಾದ ಜಾವಾದಿಂದ ಬಂದು ನಮ್ಮ ಗಲ್ಲಿಯಲ್ಲೇ ವರ್ಷಗಟ್ಟಲೆ ಇರುವವಳು. ರಜೆಗೆ ಊರಿಗೆ ಹೋಗಿ ಬಂದ ವಾರದೊಳಗೆ ಜ್ವರ ಬಂತು. ಅವಳ ಹಿಂದೆಯೇ ಹೂವಿನಂಗಡಿಯವರಿಗೆ, ಆಮೇಲೆ ಮೂಲೆಮನೆಯವರಿಗೆ. ಇನ್ನೇನು ಬೇಕು, ಗಲ್ಲಿ ತೀರ್ಪು ಕೊಟ್ಟುಬಿಟ್ಟಿತು. ಬಾಯಿಬಿಟ್ಟು ಯಾರೂ ಬೈಯಲಿಲ್ಲ. ಆದರೆ ಅವಳು ಬಂದು ಕೂತರೆ ಪಕ್ಕದ ಪ್ಲಾಸ್ಟಿಕ್ ಸ್ಟೂಲು ಮೆಲ್ಲಗೆ ಆಚೆ ಸರಿಯುತ್ತಿತ್ತು. ದಿನವೂ ಅವಳಿಗೆ ಮೀನಿನ ಹೊಟ್ಟೆಭಾಗವನ್ನೇ ಹಾಕಿಕೊಡುತ್ತಿದ್ದ ಬೀಚು ಅಜ್ಜಿಯೂ, ಹುಡುಗಿ ಪಾಪ, ಆದರೆ ಅಲ್ಲಿಂದ ತಂದದ್ದಂತೂ ನಿಜವಲ್ಲವೇ ಎಂದಳು.

ಮಾತು ರಾಜಧಾನಿ ತೈಪೆಯಲ್ಲಿರುವ ತಾತನ ಮಗನವರೆಗೂ ಹೋಯಿತು. ಅವನು ಫೋನ್ ಮಾಡಿ, ತಿಂಗಳು ಮುಗಿದ ಮೇಲೆ ಏಜೆನ್ಸಿಯವರು ಬೇರೆಯವರನ್ನು ಕಳಿಸುತ್ತಾರೆ, ನೀನು ಹೊರಡು ಎಂದುಬಿಟ್ಟ. ತಾತ ಬೇರೆ ಯಾರ ಕೈಯಿಂದಲೂ ತುತ್ತು ತಿನ್ನುವುದಿಲ್ಲ ಎಂಬುದು ಗಲ್ಲಿಗೆಲ್ಲ ಗೊತ್ತು, ಮಗನಿಗೆ ಮಾತ್ರ ಗೊತ್ತಿಲ್ಲ.

ಸುಮಿಯಾತಿ ಲೇಹುನ್ ಅತ್ತೆಯ ಮನೆಯ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ.

"ಅಕ್ಕ, ನಮ್ಮ ರಕ್ತ ಎಲ್ಲಾ ನಿಮ್ಮ ಹತ್ರಾನೇ ಬರುತ್ತಂತಲ್ಲ. ನಾನು ತಂದಿದ್ದಾ ಅಂತ ಅದು ಹೇಳುತ್ತಾ?"

"ನಮಗೆ ಬರೋದು ನಂಬರು, ಗಲ್ಲಿ ಮಾತ್ರ ಕಣೇ, ಜನರ ಹೆಸರಿರಲ್ಲ. ಆದ್ರೆ ಈ ಗಲ್ಲಿಗೆ ಜ್ವರ ಯಾವ ಕಡೆಯಿಂದ ಬಂತು ಅಂತ ಹೇಳುತ್ತೆ." ಅತ್ತೆ ಇದನ್ನೂ ಹೇಳಿದಳು, "ಜಾವಾ ಅಂತಾನೂ ಹೇಳಬಹುದು. ಆಗ ನಾನು ಸುಳ್ಳು ಹೇಳೋಕಾಗಲ್ಲ."

"ಸುಳ್ಳು ಹೇಳ್ಬೇಡಿ. ತಾತನ್ನ ಬಿಟ್ಟು ಹೋಗೋದಾದ್ರೆ, ಯಾಕೆ ಹೋಗ್ತಿದೀನಿ ಅಂತಾದ್ರೂ ಗೊತ್ತಾಗ್ಲಿ."

ಆ ವಾರ ಅತ್ತೆ ಯಂತ್ರದ ಮುಂದೆಯೇ ಊಟ ಮಾಡಿದಳಂತೆ. ಸಾಲುಗಳು ಬಂದವು. ಜಗತ್ತಿನ ಬೇರೆ ಊರುಗಳವರು ಓದಿ ಹಂಚಿಕೊಂಡಿದ್ದ ಸಾಲುಗಳ ಪಕ್ಕದಲ್ಲಿಟ್ಟು ತಾಳೆ ನೋಡಿದಳು. ಪರದೆಯ ಮೇಲೆ ಒಂದು ಮರ ಮೂಡಿತು. ನಮ್ಮ ಗಲ್ಲಿಯ ವೈರಸ್ಸುಗಳೆಲ್ಲ ಒಂದೇ ಕೊಂಬೆಯಲ್ಲಿ ಗುಬ್ಬಚ್ಚಿಗಳ ಹಾಗೆ ಒತ್ತಿಕೊಂಡು ಕೂತಿದ್ದವು. ಜಾವಾದವು ಎಲ್ಲೋ ದೂರದ ಕೊಂಬೆಯಲ್ಲಿದ್ದವು, ನೆಂಟಸ್ತಿಕೆಯೇ ಇಲ್ಲ. ನಮ್ಮ ಗಲ್ಲಿಯವಕ್ಕೆ ಅತಿ ಹತ್ತಿರದವು ವಿಯೆಟ್ನಾಮಿನ ದಕ್ಷಿಣ ಭಾಗದವು.

ಸುಮಿಯಾತಿ ತಂದವಳಲ್ಲ. ಇಲ್ಲಿಗೆ ಬಂದಮೇಲೆ ಇಲ್ಲಿಯ ಸೊಳ್ಳೆಯಿಂದ ಕಚ್ಚಿಸಿಕೊಂಡವಳು. ಅತ್ತೆಗೆ ಕುಣಿಯುವಷ್ಟು ಖುಷಿಯಾಯಿತು. ಕುರ್ಚಿಯಿಂದ ಅರ್ಧ ಎದ್ದಿದ್ದವಳು ಹಾಗೆಯೇ ಕುಸಿದು ಕೂತಳು. ಜ್ವರ ಶುರುವಾಗುವ ಮುಂಚೆ ನಮ್ಮ ಗಲ್ಲಿಯಿಂದ ವಿಯೆಟ್ನಾಮಿಗೆ ಪ್ರವಾಸ ಹೋಗಿ ಬಂದವಳು ಒಬ್ಬಳೇ. ದೇವಸ್ಥಾನದ ಹಾಡಿನ ಗುಂಪಿನ ಹೆಂಗಸರ ಜೊತೆ, ಹೊಸ ಟೋಪಿ ಹಾಕಿಕೊಂಡು, ಬೀಚು ಅಜ್ಜಿ.

ಮಧ್ಯಾಹ್ನ ಅತ್ತೆ ಮನೆಗೆ ಬಂದಾಗ ಅಜ್ಜಿ ಮರುದಿನದ ಮೀನಿನ ಮುಳ್ಳು ತೆಗೆಯುತ್ತಿದ್ದಳು. ಅತ್ತೆ ತಾನೂ ಒಂದು ಮೀನು ಎಳೆದುಕೊಂಡು ಕೂತಳು.

"ಅಮ್ಮ, ವಿಯೆಟ್ನಾಮಿಂದ ಬಂದ್ಮೇಲೆ ನಿಂಗೆ ಜ್ವರ ಬಂದಿತ್ತಾ?"

ಅಜ್ಜಿ ಕೈ ನಿಲ್ಲಿಸಲಿಲ್ಲ. "ಬಸ್ಸಲ್ಲಿ ಕೂತು ಕೂತು ಮೈಕೈ ನೋವು ಬಂದಿತ್ತು. ನೀನಾಗ ತೈಪೆಗೆ ತರಬೇತಿಗೆ ಹೋಗಿದ್ದೆ."

"ಜ್ವರಾನೂ ಇತ್ತಾ ಅಂತ ಕೇಳ್ದೆ."

"ಇತ್ತು ಕಣೇ. ಜ್ವರದ ಪುಡಿ ನುಂಗಿ ಮಲಗಿದೆ. ಡೆಂಗಿ ಅಂತ ಹೆಸರು ಬಿದ್ರೆ ಸೊಳ್ಳೆಗೆ ಹೊಗೆ ಹಾಕೋರು ಮನೆಯೊಳಗೆ ನುಗ್ತಾರೆ. ದೇವರ ಮೇಲೆಲ್ಲಾ ಔಷಧಿ ಹೊಡೀತಾರೆ. ನಿಮ್ಮಪ್ಪನ ಫೋಟೋಗೂ ಪ್ಲಾಸ್ಟಿಕ್ ಮುಚ್ಚಬೇಕಾ? ಅದಕ್ಕೇ ಸುಮ್ಮನಿದ್ದೆ."

ಅತ್ತೆ ವಿಷಯ ಹೇಳಿದಳು. ಕೊಂಬೆ, ಗುಬ್ಬಚ್ಚಿ ಏನೂ ಹೇಳಲಿಲ್ಲ. ಜ್ವರ ವಿಯೆಟ್ನಾಮಿನ ಕಡೆಯದು, ಸುಮಿಯಾತಿಯದಲ್ಲ, ಅಷ್ಟೇ. ಅಜ್ಜಿಯ ಕೈ ಈಗ ನಿಂತಿತು.

"ಹಾಗಾದ್ರೆ ಆ ಹುಡುಗಿ ಕೆಲಸ ಬಿಟ್ಟು ಹೋಗ್ತಿರೋದು ನನ್ನಿಂದ."

"ಸೊಳ್ಳೆ ಕಚ್ಚಿದ್ದು ನಿನ್ನ ತಪ್ಪಲ್ಲಮ್ಮ. ರಕ್ತ ಪರೀಕ್ಷೆ ಮಾಡ್ಸೋಣ, ಆರೋಗ್ಯ ಕಚೇರಿಗೆ ನಾನು ಹೇಳ್ತೀನಿ. ಗಲ್ಲಿಗೆ ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು."

ಪರೀಕ್ಷೆಯಲ್ಲಿ ವೈರಸ್ಸು ಸಿಗಲಿಲ್ಲ, ಅದು ಯಾವತ್ತೋ ಹೊರಟುಹೋಗಿತ್ತು. ಆದರೆ ಇತ್ತೀಚೆಗೆ ಬಂದು ಹೋದ ಗುರುತು ಅಜ್ಜಿಯ ರಕ್ತದಲ್ಲಿ ಉಳಿದಿತ್ತು. ಅನುಮಾನಕ್ಕೆ ಜಾಗವಿರಲಿಲ್ಲ.

ಆ ಸಂಜೆ ಕಸದ ಗಾಡಿಯ ಸಂಗೀತ ದೂರದಲ್ಲಿ ಕೇಳಿಸಿತು. ಚೀಲ ಹಿಡಿದು ಗಲ್ಲಿಯೆಲ್ಲ ರಸ್ತೆಬದಿಗೆ ಬಂದಿತ್ತು. ಸುಮಿಯಾತಿ ಎಂದಿನಂತೆ ಒಂದು ಕಂಬದಾಚೆ ನಿಂತಿದ್ದಳು. ಅಜ್ಜಿ ತನ್ನ ಮೀನುಮುಳ್ಳಿನ ಚೀಲ ಎತ್ತಿಕೊಂಡು ನೇರ ಹೋಗಿ ಅವಳ ಪಕ್ಕದಲ್ಲಿ ನಿಂತಳು.

"ಎಲ್ರೂ ಕೇಳ್ರಪ್ಪ. ಜ್ವರ ತಂದೋಳು ನಾನು, ಇವಳಲ್ಲ. ವಿಯೆಟ್ನಾಮಿಂದ ತಂದು ಬಚ್ಚಿಟ್ಟುಕೊಂಡಿದ್ದೆ. ಬೈಯೋದಿದ್ರೆ ನಂಗೆ ಬೈರಿ, ಗಂಜಿ ಅಂಗಡಿಗೆ ಬಂದೇ ಬೈರಿ."

ಗಾಡಿ ಬಂತು, ಚೀಲಗಳು ಹಾರಿ ಬಿದ್ದವು. ಕೊನೆಗೆ ಹೂವಿನಂಗಡಿಯವಳು, ಹಾಗಾದರೆ ಅಲ್ಲಿಂದ ತಂದ ಕಾಫಿಪುಡಿಯನ್ನೂ ನಂಗೆ ಕೊಡದೆ ಬಚ್ಚಿಟ್ಟಿದ್ದೀಯೋ ಹೇಗೆ ಎಂದು ಕೇಳಿದಳು. ಅಲ್ಲಿಗೆ ಗಲ್ಲಿ ಉಸಿರು ಬಿಟ್ಟಿತು.

ತೈಪೆಯ ಮಗನಿಗೂ ಅಜ್ಜಿಯೇ ಫೋನ್ ಮಾಡಿದಳು. ಅವನು ಕಾರಣ ಹೇಳಲು ಹೊರಟರೆ, ನಿನ್ನ ಮೂಗು ಒರೆಸಿ ಗಂಜಿ ಕುಡಿಸಿದವಳು ನಾನು, ನಿನ್ನಪ್ಪನಿಗೆ ಈಗ ಕುಡಿಸುತ್ತಿರುವವಳು ಇವಳು, ನೀನು ಎಲ್ಲಿದ್ದೀಯ ಎಂದು ಕೇಳಿದಳಂತೆ. ಸುಮಿಯಾತಿ ಉಳಿದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಇಲ್ಲ. ಕೆಟ್ಟ ಗಳಿಗೆ ಕಳೆದವರಿಗೆ ನಾವು ಏನು ತಿನ್ನಿಸುತ್ತೇವೆ? ಹಂದಿಕಾಲಿನ ಸಾರಿನಲ್ಲಿ ಶಾವಿಗೆ. ಮರುದಿನ ಅಜ್ಜಿ ಅಂಗಡಿ ಮುಚ್ಚಿ, ಬೆಳಗಿನಿಂದ ಕುದಿಸಿ, ದೊಡ್ಡ ಬಟ್ಟಲು ತುಂಬಿಸಿ ತಾನ್ ತಾತನ ಮನೆಗೆ ಹೊತ್ತುಕೊಂಡು ಹೋದಳು. ಕೆಲಸದಿಂದ ಆಗಷ್ಟೇ ಬಂದಿದ್ದ ಅತ್ತೆ ಹಿಂದೆಯೇ ಹೋಗಿ ನೋಡುತ್ತಾಳೆ, ಸುಮಿಯಾತಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಅಲ್ಲಾಡದೆ ನಿಂತಿದ್ದಾಳೆ. ತಿನ್ನುವ ಹಾಗಿಲ್ಲ, ಬೇಡ ಎನ್ನಲು ಮನಸ್ಸಿಲ್ಲ, ಕಣ್ಣಲ್ಲಿ ನೀರು.

"ಅಮ್ಮ, ಅವಳು ಹಂದಿ ತಿನ್ನಲ್ಲ," ಅಂದಳು ಅತ್ತೆ.

ಅಜ್ಜಿ ಹಣೆ ಚಚ್ಚಿಕೊಂಡಳು. ಇಷ್ಟು ವರ್ಷ ಅವಳಿಗೆ ಮೀನನ್ನಷ್ಟೇ ಹಾಕಿಕೊಟ್ಟ ಕೈಗೆ ಗೊತ್ತಿತ್ತು, ತಲೆಗೆ ಮರೆತಿತ್ತು. ಹಾಸಿಗೆಯಿಂದ ತಾನ್ ತಾತ, "ನನ್ನದೂ ಕೆಟ್ಟ ಗಳಿಗೆ ಕಳೀಬೇಕು, ಇಲ್ಲಿ ತಾ," ಅಂದ. ಬಟ್ಟಲು ಅವನಿಗೆ ಹೋಯಿತು.

ಸುಮಿಯಾತಿ ತನ್ನ ಪಾತ್ರೆಯಲ್ಲೇ ಶಾವಿಗೆ ಬೇಯಿಸಿ, ಮೇಲೊಂದು ಮೊಟ್ಟೆ ಇಟ್ಟಳು. ಎಳೆ ತುಂಡಾಗಬಾರದು, ತುಂಡಾದರೆ ಆಯಸ್ಸಿಗೆ ಒಳ್ಳೆಯದಲ್ಲ ಎಂದು ಅಜ್ಜಿ ಪಕ್ಕದಲ್ಲೇ ಕಾವಲು ನಿಂತಳು. ಮೊದಲ ತುತ್ತು ತಾನೇ ತಿನ್ನಿಸಿದಳು. ಕ್ಷಮಿಸು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಎಳೆ ಮಾತ್ರ ಉದ್ದಕ್ಕೆ ಬಂತು. ಸುಮಿಯಾತಿ ನಗುತ್ತ, ಅಳುತ್ತ ಪೂರ್ತಿ ಎಳೆದುಕೊಂಡಳು.

ಮನೆಗೆ ಬಂದ ಅಜ್ಜಿ ಟಿವಿ ಮುಂದಿನ ಕುರ್ಚಿಯಲ್ಲಿ ಹಾಗೆಯೇ ತೂಕಡಿಸಿದಳು. ಹೊರಗೆ ಇನ್ನೂ ಬೆಳಕಿತ್ತು. ಲೇಹುನ್ ಅತ್ತೆ ಟಿವಿ ಆರಿಸಿ, ಬಗ್ಗಿ, ಅಮ್ಮನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದಳು. ಬಿಸಿ ಇರಲಿಲ್ಲ. ಕುತ್ತಿಗೆಯನ್ನೂ ಮುಟ್ಟಿ ನೋಡಿದಳು.