ಅಂಗೈಯಗಲದ ಅಕ್ಕ

ಮಣಿಪಾಲದಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂದಾಗ ಮೊದಲು ಜೆಲ್ ಹಚ್ಚಿಸಿಕೊಂಡದ್ದು ನನ್ನ ಎಡಗೈ. ಬಸುರಿಯರ ಹೊಟ್ಟೆ ನೋಡುವ ಯಂತ್ರದ ಜಾತಿಯದೇ ಇದೂ, ಆದರೆ ಇದರ ಶಬ್ದದ ಅಲೆ ಬಹಳ ಸೂಕ್ಷ್ಮ. ಚರ್ಮದ ಕೆಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ, ಅಷ್ಟರಲ್ಲೇ ಪದರಗಳನ್ನು ಬಿಡಿಸಿ ತೋರಿಸುತ್ತದೆ. ಮೆತ್ತಗಿನ ಜಾಗ ಕೆಂಪಾಗಿ, ಗಟ್ಟಿಯಾದದ್ದು ನೀಲಿಯಾಗಿ ಕಾಣುತ್ತದೆ. ಬೇರೆಯವರನ್ನು ಕರೆಯುವ ಮೊದಲು ನಮ್ಮದೇ ಕೈ ಒಡ್ಡುವುದು ನಮ್ಮಲ್ಲಿನ ರೂಢಿ.

ಆ ಕೈಯಲ್ಲಿ ಅಂಗೈಯಗಲದ ಜಾಗ ನನ್ನದಲ್ಲ. ಎಂಟು ವರ್ಷದವಳಿದ್ದಾಗ ಕಾಪುವಿನ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಯ ಕುದಿನೀರು ನನ್ನ ಮೇಲೆ ಬಿತ್ತು. ಸುಟ್ಟಲ್ಲಿಗೆ ನನ್ನದೇ ಮೈಯ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಿದರಂತೆ. ಅದು ಸಾಲದಾದಾಗ ಅಕ್ಕನ ತೊಡೆಯಿಂದ ತೆಗೆದರು. ಅಕ್ಕ ಎಂದರೆ ನನಗಿಂತ ಕೆಲವು ನಿಮಿಷ ಮೊದಲು ಹುಟ್ಟಿದವಳು, ನನ್ನ ಪಡಿಯಚ್ಚು. ಅಂಥ ಅವಳಿಯ ಚರ್ಮವನ್ನು ಮೈ ದೂರ ಮಾಡುವುದಿಲ್ಲ. ನಾನು ಉಳಿದೆ. ಮುಂದಿನ ಮಳೆಗಾಲದಲ್ಲಿ ಮೆದುಳುಜ್ವರ ಬಂದು ಅಕ್ಕ ಹೋದಳು.

ಪರದೆ ನೋಡುತ್ತಿದ್ದ ನಮ್ಮ ಮೇಡಂ, ಚರ್ಮದ ಡಾಕ್ಟರು, ಕೈ ನಿಲ್ಲಿಸಿದರು.

“ಕಸಿ ಮಾಡಿದ ಚರ್ಮ ಗಟ್ಟಿ ಇರುವುದು ಮಾರಾಯ್ತಿ. ಇದೆಂತ, ಸುತ್ತಲಿನದಕ್ಕಿಂತ ಮೆತ್ತಗೆ ಉಂಟು? ಎಂಟೊಂಬತ್ತು ವರ್ಷದ ಮಕ್ಕಳ ಚರ್ಮದ ಹಾಗೆ.”

ಮತ್ತೊಮ್ಮೆ ನೋಡಿದರು. ಅದೇ ಕೆಂಪು. ನನ್ನ ಕೈಯ ರೋಮವೆಲ್ಲ ಎದ್ದು ನಿಂತಿತು, ಆ ಜಾಗವೊಂದನ್ನು ಬಿಟ್ಟು. ಅಲ್ಲಿ ರೋಮವೇ ಇಲ್ಲ.

ಅದೇ ವರ್ಷ ಆಟಿ ತಿಂಗಳಲ್ಲಿ, ಎಂದರೆ ತುಳುವರ ಆಷಾಢದಲ್ಲಿ, ಅಜ್ಜಿ ಅಕ್ಕನ ಮದುವೆ ನಿಶ್ಚಯಿಸಿದರು. ನಮ್ಮ ಕಡೆ ತೀರಿಹೋದ ಮಕ್ಕಳೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ತಮಗೂ ಮದುವೆ ಬೇಕೆಂದು ಮನೆಯವರಿಗೆ ಸೂಚನೆ ಕೊಡುತ್ತಾರೆ. ಆಗ ಹಾಗೆಯೇ ತೀರಿಹೋದ ಹುಡುಗನೊಬ್ಬನನ್ನು ಹುಡುಕಿ ಕುಲೆ ಮದುವೆ, ಅಂದರೆ ಸತ್ತವರ ಮದುವೆ, ಮಾಡುತ್ತಾರೆ. ನನಗೆ ಬಂದ ಸಂಬಂಧಗಳು ಒಂದರ ಹಿಂದೊಂದು ಮುರಿದುಬಿದ್ದದ್ದೇ ಅಕ್ಕನ ಸೂಚನೆಯಂತೆ. ಮುರಿದದ್ದು ನನ್ನ ನಾಲಿಗೆಯಿಂದ ಎಂದರೆ ಕೇಳುವವರು ಯಾರು? ಕಾರ್ಕಳದ ಒಂದು ಮನೆಯಲ್ಲಿ ಹಸುಗೂಸಾಗಿದ್ದಾಗಲೇ ಹೋದ ಹುಡುಗ ಸಿಕ್ಕಿದ.

ಮದುವೆಯಾದರೆ ಅವಳು ಆ ಮನೆಯವಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅವಳು ಹೊರಟರೆ ನನ್ನ ಕೈಯಲ್ಲಿರುವುದು ಏನಾಗುತ್ತದೆ? ವಿಜ್ಞಾನ ಓದಿದವಳು ಹೀಗೆಲ್ಲ ಯೋಚಿಸಬಾರದು. ಯೋಚಿಸಿದೆ.

ಮದುವೆಯಾಗದವರು ಈ ಮದುವೆಯನ್ನು ನೋಡುವಂತಿಲ್ಲ. ಆ ದಿನ ನನ್ನನ್ನು ಒಳಕೋಣೆಯಲ್ಲಿ ಕೂರಿಸಿದರು. ಚಾವಡಿಯಲ್ಲಿ ಎರಡು ಕುರ್ಚಿ ಇಟ್ಟು, ಒಂದರಲ್ಲಿ ಸೀರೆ, ಬಳೆ, ಮಲ್ಲಿಗೆ, ಇನ್ನೊಂದರಲ್ಲಿ ಪಂಚೆ, ಶಲ್ಯ. “ಮದುಮಗಳಿಗೆ ನಾಚಿಕೆ, ಸ್ವಲ್ಪ ತಡೆಯಿರಿ” ಎಂದು ಯಾರೋ ಹೇಳಿದ್ದು, ಎಲ್ಲರೂ ನಕ್ಕದ್ದು ಬಾಗಿಲಾಚೆ ಕೇಳಿಸಿತು.

ಕೊನೆಗೆ ಅಜ್ಜಿ ಒಳಗೆ ಬಂದರು. ಅಕ್ಕನ ಫ್ರಾಕು, ಸ್ಲೇಟು, ರಿಬ್ಬನ್ನು ಎಲ್ಲವನ್ನೂ ಆಗಲೇ ಗಂಟು ಕಟ್ಟಿಯಾಗಿತ್ತು.

“ಅವಳದ್ದು ಎಂತದೂ ಇಲ್ಲಿ ಉಳಿಯಬಾರದು,” ಎನ್ನುತ್ತಾ ಕೋಣೆಯೆಲ್ಲ ಕಣ್ಣಾಡಿಸಿದರು. ಕಣ್ಣು ನನ್ನ ಎಡಗೈ ಮೇಲೆ ನಿಂತಿತು. ನನ್ನ ಅಂಗಿಯ ತೋಳನ್ನು ಕೆಳಗೆಳೆದು, ಹೊರಗೆ ಹೋಗಿ ಚಿಲಕ ಹಾಕಿದರು. ದಿಬ್ಬಣದ ಕಾರು ಹೊರಟ ಸದ್ದು ಕೇಳುವಾಗ ಆ ಜಾಗ ಜೆಲ್ ಹಚ್ಚಿದಂತೆ ತಣ್ಣಗಾಯಿತು.

ಕೆಲಸಕ್ಕೆ ಮರಳಿದ ಕೂಡಲೇ ಕೈಯನ್ನು ಯಂತ್ರದ ಕೆಳಗಿಟ್ಟೆ. “ಪುನಃ ಎಂತ ನೋಡುವುದು?” ಎಂದರು ಮೇಡಂ. ಪರದೆ ಕೆಂಪಾಯಿತು, ಮೊದಲಿನಷ್ಟೇ ಕೆಂಪು. ಅವರ ಎದುರೇ ಅತ್ತುಬಿಟ್ಟೆ. ಅಕ್ಕ ಹೋಗಿರಲಿಲ್ಲ.

ಮುಂದಿನ ವಾರ ಮನೆಗೆ ಫೋನು ಬಂತು, ನಾನೇ ಎತ್ತಿಕೊಂಡೆ. ಮಾತಾಡಿದ್ದು ಕಾರ್ಕಳದ ಆ ಹುಡುಗನ ತಾಯಿ.

“ಸೊಸೆ ಸುಖವಾಗಿ ಬಂದಿದ್ದಾಳೆ ಮಗಾ. ದಿನಾ ಕನಸಿನಲ್ಲಿ ಕಾಣುತ್ತಾಳೆ, ನಿನ್ನಷ್ಟೇ ಎತ್ತರ. ಒಂದು ಕೇಳುತ್ತೇನೆ, ಬೇಸರ ಮಾಡಬೇಡ. ನಡೆಯುವಾಗ ತೊಡೆಯನ್ನು ಕೈಯಿಂದ ಮುಚ್ಚಿಕೊಳ್ಳುತ್ತಾಳೆ. ಎಂತದೋ ಬಿಟ್ಟು ಬಂದವಳ ಹಾಗೆ ಬಾಗಿಲಲ್ಲಿ ಹೋಗಿ ನಿಲ್ಲುತ್ತಾಳೆ. ಅವಳದ್ದು ಎಂತಾದರೂ ಅಲ್ಲಿ ಉಂಟಾ?”

ಅವರಿಗೆ ನಾವು ಜ್ವರದ ವಿಷಯವನ್ನಷ್ಟೇ ಹೇಳಿದ್ದೆವು. ಚರ್ಮದ ಮಾತನ್ನು ಯಾರೂ ಎತ್ತಿರಲಿಲ್ಲ. ಎದುರು ಕುಳಿತು ಬಸಳೆ ಬಿಡಿಸುತ್ತಿದ್ದ ಅಜ್ಜಿಗೆ ಫೋನಿನ ದನಿ ಕೇಳಿಸಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಇಲ್ಲ ಅತ್ತೆ,” ಎಂದೆ. “ಇಲ್ಲಿ ಎಂತದೂ ಉಳಿದಿಲ್ಲ.”

“ಹೌದಾ? ಇರಲಿ. ಬರುವ ಆಟಿಗೆ ಹೊಸ ಸೊಸೆ ತವರಿಗೆ ಬರಬೇಕಲ್ವಾ? ಆಗ ಅವಳೇ ಹುಡುಕಿಕೊಳ್ಳುತ್ತಾಳೆ.”

ವರ್ಷ ತಿರುಗುತ್ತಾ ಬಂತು, ಆಟಿಗೆ ಇನ್ನು ಹೆಚ್ಚು ದಿನಗಳಿಲ್ಲ. ನಾನು ಉದ್ದ ತೋಳಿನ ಅಂಗಿಗಳನ್ನು ಹೊಲಿಸಿಕೊಂಡಿದ್ದೇನೆ.