ಆ ಗುಂಡಿ ಎಳೆದವರು

ದೆವ್ವ, ಶಕುನ, ಪವಾಡ ಎಂಬ ಮಾತು ಬಂದರೆ ನಾನು ಮೊದಲಿನಿಂದಲೂ ನಗುವವನೇ. ಸವಳಂಗದ ಹೋಟೆಲಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ ನಡುವೆ ಬಾಯಿ ಹಾಕಿ ಕೆಡಿಸುವುದು ನನ್ನ ಚಟ. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನನ್ನದೊಂದು ಮೆಕ್ಕೆಜೋಳ ಬಿಡಿಸುವ ಮಿಷನ್ ಇದೆ. ಸುಗ್ಗಿ ಬಂತೆಂದರೆ ಅದನ್ನು ಟ್ರಾಕ್ಟರಿಗೆ ಕಟ್ಟಿಕೊಂಡು ನ್ಯಾಮತಿ, ಹೊನ್ನಾಳಿ ಸುತ್ತಿನ ಕಣಗಳಿಗೆ ಹೋಗುತ್ತೇನೆ. ಟ್ರಾಕ್ಟರಿನ ಹಿಂಬದಿಯಿಂದ ಮಿಷನ್‌ವರೆಗೆ ಉದ್ದನೆಯ ಕಬ್ಬಿಣದ ಶಾಫ್ಟ್ ಇರುತ್ತದೆ. ಅದು ತಿರುಗಿದರೇ ಮಿಷನ್ ತಿರುಗುವುದು. ಅದರ ಮೇಲೆ ತಗಡಿನ ಕವರ್ ಇತ್ತು. ಕೆಲವು ವರ್ಷಗಳ ಹಿಂದೆ ಆಯುಧಪೂಜೆಗೆ ತೊಳೆಯುವಾಗ ಅದನ್ನು ಬಿಚ್ಚಿಟ್ಟೆ. ಶಾಫ್ಟಿಗೆ ವಿಭೂತಿ ಎಳೆದು ಕುಂಕುಮ ಇಟ್ಟ ಮೇಲೆ ಮತ್ತೆ ಹಾಕಲು ಮನಸ್ಸಾಗಲಿಲ್ಲ. ಪೂಜೆ ಮಾಡಿದ್ದನ್ನು ನಾನೇ ಕೈಯಾರೆ ಅಳಿಸುವುದೇ? ಪವಾಡ ನಂಬದವನು ಇದನ್ನು ನಂಬಿದ್ದೆ ನೋಡಿ. ಎರಡೇ ದಿನದಲ್ಲಿ ಧೂಳು ಕವಿದು ಕುಂಕುಮ ಕಾಣದಂತಾಯಿತು, ಕವರ್ ಮಾತ್ರ ಮನೆಯ ಅಟ್ಟದಲ್ಲೇ ಉಳಿಯಿತು.

ಆ ವರ್ಷದ ಸುಗ್ಗಿಯಲ್ಲಿ ಹಾಲಮ್ಮ ಮಾತ್ರ ಕೇಳಿದ್ದಳು. ಕೂಲಿಗೆ ಬರುವ ಹೆಂಗಸರಿಗೆಲ್ಲ ಅವಳೇ ಮುಂದಾಳು.

“ಅಣ್ಣಾ, ಅದಕ್ಕೊಂದು ಕವರ್ ಇತ್ತಲ್ರೀ? ಕಾಲ ಹತ್ರಾನೇ ಗಿರಗಿರ ತಿರುಗ್ತೈತೆ, ನೋಡಾಕೆ ಎದೆ ಝಲ್ ಅಂತೈತೆ.”

“ಪೂಜೆ ಮಾಡೀನಿ ಹಾಲಮ್ಮ, ಏನೂ ಆಗಲ್ಲ,” ಎಂದು ನಕ್ಕುಬಿಟ್ಟೆ.

ಅವಳು ಹಾಗೆ ಕೇಳಿದ ಮೂರನೆಯ ದಿನ ಮಧ್ಯಾಹ್ನ. ಊಟವಾಗಿ ಕೆಲಸ ಶುರುವಾಗಿತ್ತು. ನಮ್ಮ ಕಡೆ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಮೂಗಿಗೆ ಟವೆಲ್ ಬಿಗಿದುಕೊಳ್ಳುತ್ತಾರೆ. ಆರು ಜನ ಆಳುಗಳು ಮಿಷನ್ನಿನ ಆಚೆ ಮಗ್ಗುಲಲ್ಲಿ ತೆನೆ ಸುರಿಯುತ್ತಿದ್ದರು. ಟ್ರಾಕ್ಟರನ್ನು ಅದರ ಪಾಡಿಗೆ ಬಿಟ್ಟು, ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನು ಚೀಲದ ಬಾಯಿ ಹೊಲಿಯುತ್ತಿದ್ದೆ.

ಶಾಫ್ಟಿನ ಕೆಳಗೆ ಉದುರಿದ್ದ ತೆನೆ ಬಾಚಲು ಹಾಲಮ್ಮ ಬಗ್ಗಿದಳು. ಗುಂಡಿ ಹಾಕದ ಅಂಗಿಯ ತೋಳು ಶಾಫ್ಟಿಗೆ ತಾಗಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಟ್ಟೆ ಸುತ್ತಿಕೊಂಡು ಅವಳನ್ನು ಎಳೆಯತೊಡಗಿತು. ಹೆಂಗಸರು ಕಿರುಚಿದರು. ನಾನು ಓಡಬೇಕಿತ್ತು, ಓಡಲಿಲ್ಲ. ಕೈಯಲ್ಲಿ ದಬ್ಬಣ ಹಿಡಿದು ನಿಂತೇ ಇದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅವಳ ಗಲ್ಲಕ್ಕೂ ಶಾಫ್ಟಿಗೂ ಗೇಣು ಅಂತರವಿದ್ದಾಗ ಟ್ರಾಕ್ಟರ್ ಬಂದ್ ಆಯಿತು.

ಆಮೇಲೆ ನನ್ನ ಕಾಲು ಕದಲಿತು, ಓಡಿದೆ. ಕುಡುಗೋಲಿನಿಂದ ಅಂಗಿ ಕೊಯ್ದು ಅವಳನ್ನು ಬಿಡಿಸಿದೆವು. ತೋಳು ತರಚಿ ಭುಜ ಊದಿತ್ತು, ಜೀವ ಉಳಿದಿತ್ತು. ಬೈಕಿನಲ್ಲಿ ನ್ಯಾಮತಿಯ ಆಸ್ಪತ್ರೆಗೆ ಕಳಿಸಿ ಟ್ರಾಕ್ಟರಿನ ಬಳಿ ಬಂದೆ. ಡೀಸೆಲ್ ಮುಗಿದಿರಬೇಕು ಅಂದುಕೊಂಡೆ. ಟ್ಯಾಂಕು ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ನಮ್ಮದು ಹಳೆಯ ಗಾಡಿ, ಕೀಲಿ ತಿರುಗಿಸಿದರೆ ಇಂಜಿನ್ ನಿಲ್ಲುವುದಿಲ್ಲ. ಸ್ಟೇರಿಂಗ್ ಪಕ್ಕದ ಗುಂಡಿಯನ್ನು ಹೊರಗೆ ಎಳೆಯಬೇಕು. ಅದು ಎಷ್ಟು ಬಿಗಿ ಎಂದರೆ ನಾನೇ ಹಲ್ಲು ಕಚ್ಚಿ ಎಳೆಯುತ್ತೇನೆ. ಆ ಗುಂಡಿ ಪೂರ್ತಿ ಹೊರಗೆ ಬಂದಿತ್ತು.

ಆಳುಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಎಲ್ಲರದೂ ಒಂದೇ ಉತ್ತರ: “ನೀವೇ ಅಲ್ವೇನ್ರೀ?”

ಸಂಜೆ ಹಾಲಮ್ಮನ ಮನೆಗೆ ಹೋದೆ. ತಪ್ಪಾಯಿತು ಎನ್ನಲು ಹೋದವನಿಗೆ ಅವಳೇ ಕೈ ಮುಗಿದಳು.

“ಕವರ್ ಹಾಕ್ದೇ ಇದ್ದದ್ದು ನಿಮ್ದೇ ತಪ್ಪು, ಬಿಡಲ್ಲ ನಾನು. ಆದ್ರೆ ಉಳಿಸಿದ್ದೂ ನೀವೇ. ನೆಲದ ಮಟ್ಟದಾಗೆ ಇತ್ತಲ್ಲ ನನ್ನ ತಲೆ, ನೀವು ಟ್ರಾಕ್ಟರ್ ಕಡೆ ಬಂದಿದ್ದು ಕಂಡೆ. ಮುಖ ಕಾಣ್ಲಿಲ್ಲ, ಕಾಲಷ್ಟೇ. ಬರಿಗಾಲಾಗೆ ಓಡಿ ಬಂದ್ರಿ.”

ಅವತ್ತು ನಾನು ಬೂಟು ಹಾಕಿದ್ದೆ. ಅವಳೆದುರು ಕೂತಾಗಲೂ ಅದೇ ಬೂಟು ಬಾಗಿಲ ಹೊರಗಿತ್ತು. ನಾನು ತಲೆ ತಗ್ಗಿಸಿ ಚಹಾ ಕುಡಿದೆ.

ಮರುದಿನ ಬೆಳಕು ಹರಿಯುವ ಮೊದಲೇ ಕವರ್ ಹಾಕಿದೆ, ಇಂದಿಗೂ ಬಿಚ್ಚಿಲ್ಲ. ಮೆಕ್ಯಾನಿಕ್‌ಗೆ ಗುಂಡಿ ತೋರಿಸಿದೆ. ತಾನಾಗಿ ಹೊರಬರುವ ಮಾತೇ ಇಲ್ಲ ಎಂದ. ಗಾಬರಿಯಲ್ಲಿ ನಾನೇ ಎಳೆದು ಮರೆತಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಟ್ರಾಕ್ಟರ್ ಬಂದ್ ಆದಾಗಲೂ ನಾನು ಚೀಲದ ಪಕ್ಕದಲ್ಲೇ ಇದ್ದೆ, ದಬ್ಬಣ ಕೈಯಲ್ಲೇ ಇತ್ತು.

ಕಳೆದ ಸುಗ್ಗಿಗೆ ಹಾಲಮ್ಮ ತನ್ನ ಸೊಸೆಯನ್ನೂ ಕೆಲಸಕ್ಕೆ ಕರೆತಂದಳು. ಆ ಹುಡುಗಿ ಮಿಷನ್ ಸದ್ದಿಗೆ ಹಿಂಜರಿದಾಗ, “ಹೆದರ್ಬ್ಯಾಡ ಕಣೆ, ಅಣ್ಣ ಅದಾರೆ, ನೋಡ್ಕಂತಾರೆ,” ಎಂದಳು. ಅವತ್ತು ಎಳೆದವನು ನಾನಲ್ಲ ಎಂದು ಹೇಳಹೊರಟವನು ಟ್ರಾಕ್ಟರ್ ಹತ್ತಿ ಕೂತೆ. ಆ ದಿನವಿಡೀ ನಾನು ಟ್ರಾಕ್ಟರಿನಿಂದ ಇಳಿಯಲೇ ಇಲ್ಲ. ನೀರು ಕುಡಿಯುವಾಗಲೂ ಒಂದು ಕೈ ಆ ಗುಂಡಿಯ ಮೇಲೆಯೇ ಇತ್ತು.