ಕತ್ತರಿ ಮಾವನ ಎರಡು ಕಣ್ಣು

ಡಾಕ್ಟರಮ್ಮನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಜೈಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಅವರ ಹುಟ್ಟುಗುಣವೇನಲ್ಲ, ಜೈಲು ಕಲಿಸಿದ್ದು. ದೊಡ್ಡಾಸ್ಪತ್ರೆಯಲ್ಲಿ ಮೇಲಧಿಕಾರಿಗೆ ಎದುರು ಮಾತಾಡಿದರೆಂದು ಅವರನ್ನು ಇಲ್ಲಿಗೆ ಎತ್ತಂಗಡಿ ಮಾಡಿದ್ದರು. ಒಂದು ವರ್ಷ ಹೇಗೋ ತಳ್ಳಿಬಿಡೋಣ ಎಂದು ಬಂದವರು ಇಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡರು. ಅವರ ಕ್ಲಿನಿಕ್ಕೆಂದರೆ ಉಗ್ರಾಣದ ಪಕ್ಕದ ಉದ್ದನೆಯ ಕೋಣೆ. ನಲ್ಲಿಯಲ್ಲಿ ಮಧ್ಯಾಹ್ನದ ಮೇಲೆ ಬರೀ ಗಾಳಿ. ತೂಕದ ಯಂತ್ರದ ಮೇಲೆ ಯಾರು ನಿಂತರೂ ಒಂದೇ ತೂಕ. ಹೊಸದು ಬೇಕೆಂದು ಕೇಳಿದಾಗ, "ಇರೋದು ಕೆಟ್ಟಿಲ್ಲವಲ್ಲ, ಮುಳ್ಳು ಅಲ್ಲಾಡ್ತಿದೆಯಲ್ಲ" ಎಂಬ ಉತ್ತರ ಬಂದಿತ್ತು.

"ಅಲ್ಲಿ ಮೇಲಧಿಕಾರಿ ಜೊತೆ ಗುದ್ದಾಡ್ದೆ. ಇಲ್ಲಿ ಯಾರ ಜೊತೆ?" ಎಂದು ಅವರ ಯಜಮಾನರು ಊಟದ ಹೊತ್ತಿಗೆ ಕೆಣಕುತ್ತಿದ್ದರು.

"ಗೇಟಿನ ಜೊತೆ" ಎನ್ನುತ್ತಿದ್ದರು ಡಾಕ್ಟರಮ್ಮ.

ಆ ಬೇಸಿಗೆಯಲ್ಲಿ ಕೈದಿಗಳು ಒಬ್ಬರ ಹಿಂದೊಬ್ಬರು ಮುಖದ ಮೇಲೆ ಗಾಯ ಮಾಡಿಕೊಂಡು ಬರತೊಡಗಿದರು. ಒಬ್ಬನಿಗೆ ಗಲ್ಲದ ಮೇಲೆ, ಇನ್ನೊಬ್ಬನಿಗೆ ಕೆನ್ನೆಯ ಮೇಲೆ. ಬ್ಯಾರಕ್ಕಿನಲ್ಲಿ ಹೊಡೆದಾಟವಿರಬೇಕೆಂದು ಡಾಕ್ಟರಮ್ಮ ಗದರಿಸಿ ಕೇಳಿದರು. ಒಬ್ಬ ಬಾಗಿಲು ಬಡಿಯಿತೆಂದ, ಇನ್ನೊಬ್ಬ ಜಾರಿ ಬಿದ್ದೆನೆಂದ. ಒಂದು ದಿನ ಸಣಕಲ ಅಡುಗೆಯವನೊಬ್ಬ ಕಿವಿ ಹಿಡಿದುಕೊಂಡು ಓಡಿಬಂದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅರ್ಧ ಮುಖಕ್ಕೆ ಇನ್ನೂ ಸೋಪಿನ ನೊರೆ ಇತ್ತು.

"ಏನಾಯ್ತೋ?"

"ಗೋಡೆ ತಾಗಿತು, ಡಾಕ್ಟರಮ್ಮ."

"ಸೋಪು ಹಚ್ಚಿ ತಾಗಿತಾ ಗೋಡೆ?"

ಪಟ್ಟಿ ಕಟ್ಟಿ ಮುಗಿಸಿದವರೇ ಡಾಕ್ಟರಮ್ಮ ನೇರವಾಗಿ ಕ್ಷೌರದ ಜಗಲಿಗೆ ನಡೆದರು. ಅಲ್ಲಿ ಕತ್ತರಿ ಮಾವ ಕೂತಿದ್ದ. ಹೊರಗೂ ಕ್ಷೌರಿಕನೇ. ಅಣ್ಣನ ಸಹಿ ತಾನೇ ಹಾಕಿ ಅಂಗಡಿ ಮಾರಿಬಿಟ್ಟು ಒಳಗೆ ಬಂದವನು. ಗಡ್ಡ ಬೋಳಿಸುತ್ತಾ ಎಲ್ಲರ ಮನೆಯ ಗೋಳನ್ನೂ ತಾಳ್ಮೆಯಿಂದ ಕೇಳುತ್ತಿದ್ದ. ಹಾಗಾಗಿ ಕಿವಿ ಹೋದರೂ ಅವನ ಮೇಲೆ ಯಾರೂ ದೂರು ಹೇಳುತ್ತಿರಲಿಲ್ಲ. ಡಾಕ್ಟರಮ್ಮ ಎದುರು ನಿಂತಾಗ ಅವನು ಮುಖವೆತ್ತಿ, "ಕೂತ್ಕೋ ಮಗಾ. ಗಡ್ಡ ಮಾತ್ರಾನಾ, ಮೀಸೇನೂ ತೆಗೀಬೇಕಾ?" ಎಂದ.

ಸರದಿಗೆ ಕಾದಿದ್ದವರು ಮೆಲ್ಲಗೆ ಹಿಂದೆ ಸರಿದರು.

"ಮೀಸೆ ಇರಲಿ" ಎಂದರು ಡಾಕ್ಟರಮ್ಮ. "ಏಳ್ರೀ ಮಾವ. ನಡೀರಿ ನನ್ನ ಜೊತೆ."

ಕ್ಲಿನಿಕ್ಕಿನಲ್ಲಿ ಕೂರಿಸಿ ನೋಡಿದರೆ, ಎರಡು ಕಣ್ಣಿಗೂ ದಪ್ಪ ಪೊರೆ. ಟಾರ್ಚು ಹಿಡಿದರೆ ಬೆಳಕಿದೆ ಎನ್ನುವಷ್ಟೇ ತಿಳಿಯುತ್ತಿತ್ತು.

"ಯಾಕ್ರೀ ಇಷ್ಟು ದಿನ ಬಾಯಿ ಬಿಡ್ಲಿಲ್ಲ?"

"ಕೆಲಸ ಕಿತ್ಕೊಂಡ್ರೆ ನಾಲ್ಕು ಗೋಡೆ ನೋಡ್ಕೊಂಡು ಕೂರ್ಬೇಕಲ್ಲ ತಾಯಿ."

"ಗೋಡೆ ಕಾಣ್ಸತ್ತಾ ನಿಮಗೆ?"

ಮಾವ ಸ್ವಲ್ಪ ಯೋಚಿಸಿ, "ಅದೂ ಇಲ್ಲ" ಎಂದ.

ಆಪರೇಷನ್ ಆಗುವವರೆಗೆ ಬ್ಲೇಡು ಮುಟ್ಟುವುದಿಲ್ಲವೆಂದು ಅವನಿಂದ ಮಾತು ತೆಗೆದುಕೊಂಡು, ಡಾಕ್ಟರಮ್ಮ ಕಣ್ಣಾಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿದರು. ಅವರ ಪ್ರಕಾರ ಕೆಲಸ ಮುಗಿದಿತ್ತು. ನಿಜಕ್ಕೂ ಅಲ್ಲಿಂದಲೇ ರಗಳೆ ಶುರುವಾಯಿತು. ಮೊದಲ ಸಲ ಮಂತ್ರಿಯೊಬ್ಬರು ಬರುತ್ತಾರೆಂದು ಕೈದಿಗಳ ಜೊತೆ ಹೋಗುವ ಕಾವಲಿನ ಪೊಲೀಸರನ್ನೆಲ್ಲ ರಸ್ತೆಯಲ್ಲಿ ನಿಲ್ಲಿಸಿದ್ದರು. ಮುಂದಿನ ಸಲ ಪೊಲೀಸರು ಬಂದರು, ವ್ಯಾನ್ ಬರಲಿಲ್ಲ. ಆಮೇಲೆ ವ್ಯಾನೂ ಬಂತು, ಆದರೆ ಬಂದಿದ್ದು ಆಸ್ಪತ್ರೆ ಬಾಗಿಲು ಹಾಕುವ ಹೊತ್ತಿಗೆ. ಅಷ್ಟಾದ ಮೇಲೆ ಎಲ್ಲ ಕೂಡಿಬಂದ ದಿನ ಕಣ್ಣಿನ ಡಾಕ್ಟರು, "ನಿನ್ನೆಯಿಂದ ಡ್ರಾಪ್ಸ್ ಹಾಕ್ಬೇಕಿತ್ತಲ್ಲ, ಯಾಕೆ ಹಾಕಿಲ್ಲ?" ಎಂದು ವಾಪಸು ಕಳಿಸಿದರು. ಡ್ರಾಪ್ಸ್ ಗೇಟಿನಲ್ಲೇ ಇತ್ತು. ವಾರ್ಡರ್ ತಡೆದಿಟ್ಟುಕೊಂಡಿದ್ದ.

"ಗಾಜಿನ ಬಾಟ್ಲಿ ಒಳಗೆ ಬಿಡೋ ಹಾಗಿಲ್ಲ ಮೇಡಂ."

"ಇದು ಪ್ಲಾಸ್ಟಿಕ್ಕಪ್ಪಾ! ಹಿಂಡಿ ನೋಡು!"

ಅವನು ಹಿಂಡಿ ನೋಡಿದ. ಮುಚ್ಚಳ ಸಡಿಲವಿತ್ತೇನೋ, ಔಷಧಿಯೆಲ್ಲ ಮೇಜಿನ ಮೇಲೆ ಚೆಲ್ಲಿತು.

ಡಾಕ್ಟರಮ್ಮ ಹಲ್ಲು ಕಡಿದುಕೊಂಡು ಸೂಪರಿಂಟೆಂಡೆಂಟರ ಕೋಣೆಗೆ ಹೋದರು. ಇದು ಮೊದಲ ಸಲವೇನಲ್ಲ. ಹೋದಾಗಲೆಲ್ಲ ಸಾಹೇಬರು ಫೋನಿನಲ್ಲಿರುತ್ತಿದ್ದರು, ಇಲ್ಲವೇ "ನೋಡೋಣ ಡಾಕ್ಟ್ರೇ, ನೋಡೋಣ" ಎಂದು ಮೂಗಿಗೆ ತುಪ್ಪ ಸವರುತ್ತಿದ್ದರು. "ಸಾರ್, ಆ ಮನುಷ್ಯನಿಗೆ ಕಣ್ಣು ಕಾಣಲ್ಲ" ಎಂದು ಇವರು ಅಂದೂ ಬಿಡಿಸಿ ಹೇಳಿದರು. ಸಾಹೇಬರು ಸಹಾನುಭೂತಿಯಿಂದಲೇ ತಲೆಯಾಡಿಸಿದರು.

ಕೆಲವು ದಿನ ಕಳೆದು ಮೇಲಿನ ಅಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಸಾಹೇಬರಿಗೆ ನೀಟಾಗಿ ಕಾಣಬೇಕಿತ್ತು, ಅವರ ಮಾಮೂಲಿ ಕ್ಷೌರಿಕನೋ ಊರಿಗೆ ಹೋಗಿದ್ದ. "ನಮ್ಮಲ್ಲೇ ಒಬ್ಬ ಇದಾನಲ್ಲ, ಕರ್ಕೊಂಡ್ ಬನ್ನಿ" ಎಂದರು. ಮಾತು ಕೊಟ್ಟಿದ್ದೇನೆಂದು ಮಾವ ವಾರ್ಡರ್ ಹತ್ತಿರ ಗೋಗರೆದ. ಸಾಹೇಬರ ಹುಕುಂ, ಯಾರು ಕೇಳುತ್ತಾರೆ? ಡಾಕ್ಟರಮ್ಮನಿಗೆ ಕರೆ ಬಂದು ಓಡಿಹೋಗುವಷ್ಟರಲ್ಲಿ ಸಾಹೇಬರು ಟವೆಲ್ಲಿನಲ್ಲಿ ಕಿವಿ ಒತ್ತಿಹಿಡಿದು ಕುಣಿದಾಡುತ್ತಿದ್ದರು. ಮಾವ ಮೂಲೆಯಲ್ಲಿ ಕೈ ಮುಗಿದು ನಿಂತಿದ್ದ.

"ಏನ್ರೀ ಇದು! ಇವನಿಗೆ ಕಣ್ಣು ಕಾಣಲ್ವೇನ್ರೀ?"

ಡಾಕ್ಟರಮ್ಮ ಹತ್ತಿಗೆ ಸ್ಪಿರಿಟ್ ಹಾಕಿಕೊಂಡರು. ಅವತ್ತು ಸ್ವಲ್ಪ ಜಾಸ್ತಿಯೇ ಹಾಕಿಕೊಂಡರು. "ಬೇಸಿಗೆಯಿಂದ ಅದನ್ನೇ ಹೇಳ್ತಿದೀನಿ ಸಾರ್" ಎಂದು ಕಿವಿಗೆ ಒತ್ತಿದರು.

ಮರುದಿನ ಅವರು ಡ್ಯೂಟಿಗೆ ಬರುವ ಮೊದಲೇ ವ್ಯಾನ್ ಗೇಟಿನ ಮುಂದೆ ನಿಂತಿತ್ತು. ಪೊಲೀಸರೂ ಇದ್ದರು, ಹೊಸ ಡ್ರಾಪ್ಸೂ ಬಂದಿತ್ತು.

ಆಸ್ಪತ್ರೆಯಲ್ಲೂ ತಲೆನೋವು ತಪ್ಪಲಿಲ್ಲ. ಮಾವನ ಕಾಲನ್ನು ಮಂಚಕ್ಕೆ ಸರಪಳಿಯಲ್ಲಿ ಬಿಗಿದಿದ್ದರು. "ಎರಡು ಕಣ್ಣೂ ಕಾಣದವನು ಎಲ್ಲಿಗ್ರೀ ಓಡ್ತಾನೆ? ಬಾಗಿಲೆಲ್ಲಿದೆ ಅಂತ ನೀವೇ ತೋರಿಸ್ಬೇಕು" ಎಂದು ಡಾಕ್ಟರಮ್ಮ ವಾರ್ಡು ಹಾರಿಹೋಗುವ ಹಾಗೆ ಕೂಗಾಡಿದರು. ಸರಪಳಿ ಬಿಚ್ಚಿದ್ದು ಆ ಕೂಗಿಗಲ್ಲ, ಪಕ್ಕದ ಮಂಚದ ಅಜ್ಜಿ ಅದನ್ನು ಎಡವಿ ಬೀಳುವುದರಲ್ಲಿದ್ದಳು, ಅದಕ್ಕೆ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ತೆಗೆದ ಮೇಲೆ ಮಾವನ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಜೈಲಿಗೆ ಮರಳಿ, ಜಗಲಿಯ ಮೇಲೆ ಸೇರಿದ್ದವರ ಕೆನ್ನೆ ಗಲ್ಲಗಳನ್ನು ಒಂದೊಂದಾಗಿ ನೋಡಿದ. ಅಡುಗೆಯವನ ಹರಿದ ಕಿವಿಯನ್ನು ಮುಟ್ಟಿ ನೋಡಿದ. "ಅಯ್ಯೋ, ಇದೆಲ್ಲ ನಾನಾ ಮಾಡಿದ್ದು? ಹೇಳಬಾರದಿತ್ತೇನ್ರೋ ಪಾಪಿಗಳಾ" ಎಂದು ಕೂತುಬಿಟ್ಟ. ಆ ವಾರವಿಡೀ ಯಾರು ಕರೆದರೂ ಬ್ಲೇಡು ಹಿಡಿಯಲಿಲ್ಲ. ಕೊನೆಗೆ ಆ ಅಡುಗೆಯವನೇ ತಾನಾಗಿ ಸೋಪು ಹಚ್ಚಿಕೊಂಡು ಬಂದು ಎದುರು ಕೂತ ಮೇಲೆ ಕೈ ಎತ್ತಿದ.

ಎಡಗಣ್ಣು ಬಾಕಿ ಇತ್ತು. ಡಾಕ್ಟರಮ್ಮ ಮತ್ತೆ ದಿನ ಗೊತ್ತು ಮಾಡಿದರು, ಮತ್ತೆ ವ್ಯಾನ್ ಬರಲಿಲ್ಲ. ಸಾಹೇಬರು ಅಷ್ಟರಲ್ಲಿ ಕರೆಂಟಿನ ಶೇವಿಂಗ್ ಮೆಷಿನ್ ತಂದುಕೊಂಡಿದ್ದರು. "ನೋಡೋಣ ಡಾಕ್ಟ್ರೇ" ಎಂದರು. ನೋಡುತ್ತಾ ನೋಡುತ್ತಾ ಮಾವನ ಶಿಕ್ಷೆಯೇ ಮುಗಿದುಹೋಯಿತು.

ಬಿಡುಗಡೆಯಾಗಿ ಹೋದವನು ಒಂದು ಸಂಜೆ ಫೋನ್ ಮಾಡಿದ.

"ಡಾಕ್ಟರಮ್ಮ, ಎಡಗಣ್ಣೂ ಆಯ್ತು. ಬೆಳಗ್ಗೆ ಮಗಳ ಜೊತೆ ಬಸ್ಸಲ್ಲಿ ಹೋದೆ, ಈಗ ಮನೇಲಿದೀನಿ. ಇಷ್ಟೇನಾ ತಾಯಿ ಇದು?"

ಡಾಕ್ಟರಮ್ಮನಿಗೆ ಸಂತೋಷವಾಯಿತೋ ಸಿಟ್ಟು ಬಂತೋ ಅವರಿಗೇ ತಿಳಿಯಲಿಲ್ಲ. "ಹೂಂ, ಇಷ್ಟೇ" ಎಂದರು. "ಡ್ರಾಪ್ಸ್ ತಪ್ಪಿಸಬೇಡಿ, ಕಣ್ಣು ಉಜ್ಜಿದ್ರೆ ನೋಡಿ ಮತ್ತೆ!" ಎಂದು ಎಂದಿನಂತೆ ಗದರಿ ಫೋನಿಟ್ಟರು.

ಎದುರಿಗೆ ದವಡೆ ಬಲೂನಿನಂತೆ ಊದಿಸಿಕೊಂಡವನೊಬ್ಬ ಕೂತಿದ್ದ. ಹಲ್ಲಿನಾಸ್ಪತ್ರೆಗೆ ಅವನನ್ನು ಒಯ್ಯಬೇಕಾದ ವ್ಯಾನಿಗಾಗಿ ಬೆಳಗಿನಿಂದ ಕಾದಿದ್ದ. ಡಾಕ್ಟರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಹೇಬರ ಕೋಣೆಯ ಕಡೆಗೆ ಹೊರಟರು.